ಕೆಳಮನೆಯವನ ಮೇಲೆ ನಾನು ಮಾಡಿದ ಪ್ರಯೋಗ

ಇಲಿಗಳಿಗೆ ಬೇಜಾರು ಬರಿಸುವುದು ನನ್ನ ಕೆಲಸ. ಹೀಗೆಂದರೆ ಜನ ನಗುತ್ತಾರೆ. ನಗಲಿ. ಚಿಕ್ಕಮಗಳೂರಿನ ಒಂದು ಫಾರ್ಮಸಿ ಕಾಲೇಜಿನ ಹಿಂದೆ ಪ್ರಾಣಿಮನೆ ಎಂದು ಕರೆಯುವ ಉದ್ದನೆಯ ಕಟ್ಟಡವಿದೆ, ಅಲ್ಲಿ ನಾನು ಟೆಕ್ನಿಷಿಯನ್. ಬಿಳಿ ಇಲಿಗಳ ಪಂಜರಕ್ಕೆ ಹೊಸ ಹೊಟ್ಟು ಹಾಸುವುದು, ತಿಂಡಿ ನೀರು ಇಡುವುದು, ತೂಕ ನೋಡುವುದು, ಬಾಲಕ್ಕೆ ಬಣ್ಣದ ಗುರುತು ಹಚ್ಚುವುದು, ಎಲ್ಲ ನನ್ನದೇ. ಖಿನ್ನತೆಯ ಔಷಧಿ ಕೆಲಸ ಮಾಡುತ್ತದೆಯೋ ಇಲ್ಲವೋ ಎಂದು ನೋಡಬೇಕಾದರೆ ಮೊದಲು ಖಿನ್ನತೆ ಬಂದ ಇಲಿ ಬೇಕಲ್ಲ? ಅದು ಅಂಗಡಿಯಲ್ಲಿ ಸಿಗುವುದಿಲ್ಲ. ನಾವೇ ಮಾಡಿಕೊಳ್ಳಬೇಕು.

ಮಾಡುವುದು ಸುಲಭ. ಹೊಡೆಯಬೇಕಾಗಿಲ್ಲ, ಗಾಯ ಮಾಡಬೇಕಾಗಿಲ್ಲ. ಒಂದು ದಿನ ಪಂಜರವನ್ನು ಓರೆಯಾಗಿ ನಿಲ್ಲಿಸುವುದು. ಮರುದಿನ ಹೊಟ್ಟಿಗೆ ನೀರು ಸುರಿದು ಒದ್ದೆ ಮಾಡುವುದು. ಇನ್ನೊಂದು ದಿನ ಜೊತೆಯಲ್ಲಿದ್ದ ಇಲಿಯನ್ನು ತೆಗೆದು ಗುರುತಿಲ್ಲದ್ದನ್ನು ಬಿಡುವುದು. ಖಾಲಿ ನೀರಿನ ಬಾಟಲಿ ಸಿಕ್ಕಿಸುವುದು. ದೀಪ ಆರಿಸಬೇಕಾದ ಹೊತ್ತಿನಲ್ಲಿ ಆರಿಸದೆ ಬಿಡುವುದು. ಒಂದೊಂದೂ ಕ್ಷುಲ್ಲಕ. ಗುಟ್ಟಿರುವುದು ಒಂದೇ ಕಡೆ: ನಾಳೆ ಏನು ಎಂದು ಇಲಿಗೆ ಗೊತ್ತಾಗಬಾರದು. ದಿನಾ ಅದೇ ಕಷ್ಟ ಕೊಟ್ಟರೆ ಇಲಿ ಒಗ್ಗಿಕೊಂಡುಬಿಡುತ್ತದೆ. ಬದಲಿಸುತ್ತಾ ಹೋದರೆ ಕೆಲವು ವಾರಗಳಲ್ಲಿ ಅದು ಮೈ ನೆಕ್ಕಿಕೊಳ್ಳುವುದನ್ನು ಬಿಡುತ್ತದೆ, ರೋಮ ಕೊಳೆಯಾಗುತ್ತದೆ, ಮೂಲೆ ಸೇರುತ್ತದೆ. ಆಗ ಎರಡು ಬಾಟಲಿ ಇಡುತ್ತೇವೆ, ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಸಕ್ಕರೆ ನೀರು. ಚೆನ್ನಾಗಿರುವ ಇಲಿ ಸಕ್ಕರೆ ನೀರಿಗೇ ಬಾಯಿ ಹಾಕುತ್ತದೆ. ನಮ್ಮ ಕೈಗೆ ಸಿಕ್ಕ ಇಲಿಗೆ ಎರಡೂ ಒಂದೇ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ವಿಭಾಗದ ಮೇಡಂ ಇದನ್ನೆಲ್ಲ ವಿವರಿಸುತ್ತಿದ್ದಾಗ ನಿಂತು ಕೇಳುತ್ತಿದ್ದವಳು ಇಲಿ ತಿಂಡಿಯ ಮೂಟೆಯ ಮೇಲೆ ಕುಸಿದು ಕೂತೆ. "ಹುಷಾರಿಲ್ವೇನ್ರೀ?" ಎಂದು ಅವರು ಕೇಳಿದರು. ಹುಷಾರಾಗೇ ಇದ್ದೆ. ಈ ಪಟ್ಟಿಯನ್ನು ನಾನು ಮೊದಲೇ ನೋಡಿದ್ದೆ, ಅಷ್ಟೆ. ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ, ನನ್ನ ಅವ್ವನ ಮೇಲೆ.

ಆ ತೋಟದ ಆಳುಗಳಿಗೆಂದು ಸಾಲಾಗಿ ಕಟ್ಟಿದ್ದ ಲೈನ್ ಮನೆಯಲ್ಲಿ ನಾವಿದ್ದೆವು. ನೆರಳಿನ ಮರದ ಕೊಂಬೆ ಕಡಿಯಲು ಹತ್ತಿದ ಅಪ್ಪ ಬಿದ್ದು ತೀರಿಕೊಂಡ ಮೇಲೆ ಅವ್ವ ಒಬ್ಬಳೇ ದುಡಿದು ನನ್ನನ್ನು ಹಾಸ್ಟೆಲಿನಲ್ಲಿಟ್ಟು ಓದಿಸುತ್ತಿದ್ದಳು. ಅವಳ ಬಾಯಿ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಬಾಯಲ್ಲಿ ಎಲೆಅಡಿಕೆ ಇಲ್ಲದೆ ಅವಳನ್ನು ನಾನು ಕಂಡೇ ಇರಲಿಲ್ಲ. ತೋಟಕ್ಕೊಬ್ಬ ರೈಟರ್ ಇದ್ದ. ಬೆಳಿಗ್ಗೆ ಹಾಜರಿ ಕರೆದು, ಯಾರು ಯಾವ ಕಡೆಗೆ, ಯಾವ ಕೆಲಸಕ್ಕೆ ಎಂದು ಹೇಳುವವನು. ತೋಟ ಸಾವ್ಕಾರರದಾದರೂ ನಮ್ಮ ದಿನ ಇವನ ಕೈಯಲ್ಲಿತ್ತು. ಮಧ್ಯಾಹ್ನ ಬುತ್ತಿ ಉಣ್ಣಲೆಂದು ಕಟ್ಟಿದ್ದ ಶೆಡ್ಡಿಗೆ ಅವನು ಬೀಗ ಹಾಕಿಡುತ್ತಿದ್ದ. ಹೆಂಗಸರು ಮಳೆಯಲ್ಲೂ ಕಾಫಿ ಗಿಡದ ಬುಡದಲ್ಲೇ ಕೂತು ಉಣ್ಣಬೇಕಿತ್ತು. ಒಂದು ದಿನ ಸಾವ್ಕಾರರು ತೋಟ ಸುತ್ತಲು ಬಂದಾಗ ಅವ್ವ ಎಲ್ಲರ ಮುಂದೆ ಕೇಳಿಯೇಬಿಟ್ಟಳು.

"ಸಾವ್ಕಾರ್ರೇ, ಶೆಡ್ಡು ಕಟ್ಸಿದ್ದು ನಾವು ಉಣ್ಣಕ್ಕಾ, ಬೀಗ ಉಣ್ಣಕ್ಕಾ?"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಸಾವ್ಕಾರರೂ ನಕ್ಕು, ಅಲ್ಲೇ ರೈಟರನ್ನು ಕರೆದು ಬೈದು ಬೀಗ ತೆಗೆಸಿದರು.

ಮರುದಿನದಿಂದ ಶುರುವಾಯಿತು. ಒಂದು ಬೈಗುಳವಿಲ್ಲ, ಮೈ ಮುಟ್ಟಿದ್ದಿಲ್ಲ. ಹಾಜರಿಯಲ್ಲಿ ಒಂದು ದಿನ ಅವ್ವನ ಹೆಸರನ್ನು ಮೊದಲು ಕರೆಯುತ್ತಿದ್ದ, ಮರುದಿನ ಎಲ್ಲರೂ ಹೋದ ಮೇಲೆ. ಗುಡ್ಡದ ತುದಿಗೆ ಕೊಯ್ಲಿಗೆ ಕಳಿಸಿ, ಅವಳು ಏದುಸಿರು ಬಿಡುತ್ತಾ ಹತ್ತಿ ಬುಟ್ಟಿ ಕಟ್ಟಿಕೊಳ್ಳುವ ಹೊತ್ತಿಗೆ ಆಳು ಕಳಿಸಿ ಕೆಳಗೆ ಕಳೆ ತೆಗೆಯಲು ಕರೆಸುತ್ತಿದ್ದ. ವರ್ಷಗಟ್ಟಲೆ ಜೊತೆಯಲ್ಲಿ ಕೊಯ್ಯುತ್ತಿದ್ದ ಗೆಳತಿಯನ್ನು ಬೇರೆ ಸಾಲಿಗೆ ಹಾಕಿದ. ರಿಪೇರಿ ಎಂದು ಹೇಳಿ ನಮ್ಮನ್ನು ಸೋರುವ ಮನೆಗೆ ಬದಲಾಯಿಸಿದ, ಮಳೆಗಾಲ ಮುಗಿದ ಮೇಲೆ ವಾಪಸು ಕಳಿಸಿದ, ಮತ್ತೆ ಬದಲಾಯಿಸಿದ. ಕೆಲವು ದಿನ ಏನೂ ಮಾಡುತ್ತಿರಲಿಲ್ಲ. ಅವೇ ಕೆಟ್ಟ ದಿನಗಳು, ಸಂಜೆಯವರೆಗೂ ಕಾಯಬೇಕಲ್ಲ ಎಂದು ಅವ್ವ ಒಮ್ಮೆ ಹೇಳಿದ್ದಳು. ದೂರು ಕೊಡೋಣವೆಂದರೆ ಏನಂತ ಕೊಡುವುದು? ಒಂದೊಂದೂ ರೈಟರ್ ಆದವನು ಮಾಡಬಹುದಾದ ಕೆಲಸವೇ.

ನಾನು ರಜೆಗೆ ಬಂದಾಗಲೆಲ್ಲ ಅವ್ವ ಸ್ವಲ್ಪ ಸ್ವಲ್ಪ ಕಮ್ಮಿಯಾಗಿರುತ್ತಿದ್ದಳು. ಮೊದಲು ನಗು ಹೋಯಿತು. ಆಮೇಲೆ ತಲೆ ಬಾಚುವುದು ಹೋಯಿತು. ಎಲೆಅಡಿಕೆ ತಂದುಕೊಟ್ಟರೆ, "ಎಲ್ಲಾ ಸಪ್ಪೆ ಮಗಾ" ಎಂದು ಬದಿಗಿಡುತ್ತಿದ್ದಳು. ಒಂದು ರಜೆಯಲ್ಲಿ ಬಂದು ನೋಡಿದರೆ ಗೋಡೆಗೆ ಮುಖ ಹಾಕಿ ಮಲಗಿದ್ದಾಳೆ, ನಾನು ಬಂದೆನೆಂದೂ ಏಳಲಿಲ್ಲ. ಡಾಕ್ಟರು ಖಿನ್ನತೆ ಎಂದರು, ಮಾತ್ರೆ ಬರೆದುಕೊಟ್ಟರು. ನನ್ನ ಓದು ಮುಗಿದು, ಅವಳನ್ನು ಆ ತೋಟದಿಂದ ಬಿಡಿಸಿ ಪೇಟೆಗೆ ತಂದು, ಅವಳು ಮತ್ತೆ ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಎಷ್ಟೋ ವರ್ಷ ಕಳೆದಿತ್ತು. ಟಿವಿ ಮುಂದೆ ಕೂತು ಸೀರಿಯಲ್ಲಿನ ಅತ್ತೆಗೆ ಅವಳು ಬಾಯಿತುಂಬ ಬೈಯುವುದನ್ನು ಮೊದಲ ಸಲ ಕೇಳಿದ ದಿನ ನಾನು ಒಲೆಯ ಮುಂದೆ ನಿಂತು ಅತ್ತಿದ್ದೇನೆ.

ಆ ವರ್ಷಗಳ ನಡುವೆ ಒಮ್ಮೆ ರೈಟರನನ್ನು ಹುಡುಕಿಕೊಂಡು ಬಸ್ಸು ಹತ್ತಿ ಆ ತೋಟಕ್ಕೆ ಹೋಗಿದ್ದೆ. ಹೋಗಿ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ, ಮುಖಕ್ಕೆ ಉಗಿಯಬೇಕು ಎಂಬುದಷ್ಟೇ ತಲೆಯಲ್ಲಿತ್ತು. ಅವನು ಸಂಸೆ ಕಡೆಯ ತೋಟವೊಂದಕ್ಕೆ ಹೋಗಿ ಬಹಳ ದಿನವಾಯಿತು ಎಂದು ಮೇಸ್ತ್ರಿ ಹೇಳಿದ. ಬಾಯಲ್ಲಿದ್ದ ಎಂಜಲು ನುಂಗಿಕೊಂಡು ಅದೇ ಬಸ್ಸಿಗೆ ವಾಪಸು ಬಂದೆ.

ನಾವೀಗ ಇರುವುದು ಊರಾಚೆಯ ಒಂದು ಬಡಾವಣೆಯ ಮೇಲ್ಮನೆಯಲ್ಲಿ, ಬಾಡಿಗೆಗೆ. ಓನರ್ ಹಾಸನದಲ್ಲಿದ್ದಾರೆ. ನೀರಿನ ಮೋಟರು, ಟ್ಯಾಂಕಿನ ವಾಲ್ವು, ಗೇಟಿನ ಬೀಗ ಎಲ್ಲವನ್ನೂ ನನಗೆ ವಹಿಸಿದ್ದಾರೆ. ಹೋದ ವರ್ಷ ಕೆಳಮನೆ ಖಾಲಿಯಾಗಿ ಒಬ್ಬ ಮುದುಕ ಬಾಡಿಗೆಗೆ ಬಂದ. ಪಕ್ಕದ ಬೀದಿಯಲ್ಲಿರುವ ಅವನ ಮಗಳು ಕರೆತಂದಿದ್ದಳು. ಬೀಗದ ಕೈ ಕೊಡಲು ಇಳಿದು ಹೋದವಳು ಗೇಟಿನಲ್ಲೇ ನಿಂತುಬಿಟ್ಟೆ. ಸಾಮಾನು ಇಳಿಸುವವರಿಗೆ ಅವನು ಹೇಳುತ್ತಿದ್ದ: "ಅದು ಅಲ್ಲಿ. ಹ್ಞೂಂ, ಮುಂದೆ. ಇದು ಒಳಗೆ. ಹ್ಞೂಂ, ಮುಂದೆ." ಹಾಜರಿಯಲ್ಲಿ ಪ್ರತಿ ಹೆಸರಿನ ನಂತರವೂ ಹಾಗೆನ್ನುತ್ತಿದ್ದವನು ಲೋಕದಲ್ಲಿ ಒಬ್ಬನೇ, ಆ ರೈಟರ್. ಕೂದಲು ಬೆಳ್ಳಗಾಗಿತ್ತು, ಬೆನ್ನು ನೆಟ್ಟಗೇ ಇತ್ತು.

"ನಮಸ್ಕಾರ ಮೇಡಂ, ಮೇಲ್ಗಡೆ ಇರೋದು ನೀವೇನಾ?" ಎಂದ. ಗುರುತೇ ಸಿಗಲಿಲ್ಲ ಹಾಳಾದವನಿಗೆ. ಹೇಗೆ ಸಿಗಬೇಕು, ನಾನಾಗ ಎರಡು ಜಡೆಯ ಹುಡುಗಿ.

ಮೆಟ್ಟಿಲು ಹತ್ತುವಾಗ ದೇವರು ಅನ್ನುವವನೊಬ್ಬ ಇದ್ದಾನೆ ಅನ್ನಿಸಿತು. ಅವ್ವನಿಗೆ ಹೇಳಲಿಲ್ಲ. ಮಂಡಿ ನೋವಿನಿಂದ ಅವಳು ಕೆಳಗಿಳಿಯುವುದೇ ಇಲ್ಲ, ಅವಳ ಕೋಣೆ ಹಿಂಬದಿಯ ಮೆಟ್ಟಿಲ ಪಕ್ಕ, ಅವನ ಬಾಗಿಲು ಬೀದಿಯ ಕಡೆಗೆ. ಅವ್ವ ಪಟ್ಟದ್ದನ್ನು ಅವನೂ ಪಡಬೇಕು. ಗೋಡೆಗೆ ಮುಖ ಹಾಕಿ ಮಲಗಬೇಕು, ಅದನ್ನು ನಾನು ಕಣ್ಣಾರೆ ನೋಡಬೇಕು, ಆಮೇಲೆ ಅವ್ವನ ಕೈಹಿಡಿದು ಇಳಿಸಿ ತಂದು ತೋರಿಸಬೇಕು. ನನಗೆ ಬೇಕಿದ್ದುದು ಅಷ್ಟೇ. ಅದನ್ನು ಮಾಡುವ ವಿಧಾನ ನನಗಿಂತ ಚೆನ್ನಾಗಿ ಗೊತ್ತಿರುವವರು ಈ ಜಿಲ್ಲೆಯಲ್ಲಿ ಯಾರಿದ್ದಾರೆ?

ಒಂದು ಹಾಳೆಯಲ್ಲಿ ವಾರದ ಪಟ್ಟಿ ಬರೆದುಕೊಂಡೆ, ಇಲಿಗಳಿಗೆ ಬರೆಯುವ ಹಾಗೆಯೇ. ಸೋಮವಾರ ಅವನು ಸ್ನಾನಕ್ಕೆ ಹೋಗುವ ಹೊತ್ತಿಗೆ ವಾಲ್ವು ತಿರುಗಿಸಿ ನೀರು ನಿಲ್ಲಿಸಿದೆ. ಮಂಗಳವಾರ ಏನೂ ಇಲ್ಲ. ಬುಧವಾರ ಅವನ ಬಾಗಿಲಿಗೆ ಅಡ್ಡವಾಗಿ ಸ್ಕೂಟಿ ನಿಲ್ಲಿಸಿ ಕಾಲೇಜಿಗೆ ನಡೆದೇ ಹೋದೆ. ಗುರುವಾರ ಟ್ಯಾಂಕು ತುಂಬಿ ಹರಿದು ಅವನು ಒಣಹಾಕಿದ್ದ ಪಂಚೆಯ ಮೇಲೆ ಸುರಿಯುವ ತನಕ ಮೋಟರು ಬಿಟ್ಟೆ. ಬೆಳಿಗ್ಗೆ ವಾಕಿಂಗಿಗೆ ಹೊರಡುವವನಿಗೆ ಒಂದು ದಿನ ಗೇಟು ತೆರೆದಿರುತ್ತಿತ್ತು, ಒಂದು ದಿನ ಬೀಗ. ನೀರು ಯಾವಾಗ ಬಿಡುತ್ತೀರಿ ಎಂದು ಕೇಳಿದರೆ ಆರಕ್ಕೆ ಎಂದು ಹೇಳಿ ಐದಕ್ಕೆ ಬಿಟ್ಟು ನಿಲ್ಲಿಸುತ್ತಿದ್ದೆ. ಅವನಿಗೆ ಅನುಮಾನ ಬರಬಾರದೆಂದು ಎಷ್ಟೋ ದಿನ ನಮ್ಮ ಮನೆಯ ನೀರನ್ನೂ ನಿಲ್ಲಿಸಿ, ಇವತ್ತು ನೀರೇ ಬಂದಿಲ್ಲ ಎಂದು ಅವ್ವನಿಗೂ ಅದೇ ಸುಳ್ಳು ಹೇಳುತ್ತಿದ್ದೆ. ವಾಲ್ವು ಇರುವುದು ನಮ್ಮ ಮೆಟ್ಟಿಲ ತಲೆಯಲ್ಲಿ, ಅವ್ವನ ಕೋಣೆಯ ಗೋಡೆಯಾಚೆ. ತಿರುಗಿಸಿದರೆ ಕಿರ್ರೆನ್ನುತ್ತದೆ. ಆ ಸದ್ದಿಗೆ ನನ್ನ ಮೈಯಲ್ಲಿ ಒಂಥರಾ ಸುಖ ಹರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಅಷ್ಟು ಸುಖವನ್ನು ನಾನು ಬೇರೆ ಯಾವುದರಲ್ಲೂ ಕಂಡಿಲ್ಲ.

"ಒಬ್ಬೊಬ್ಳೇ ಯಾಕೆ ನಗ್ತೀಯ?" ಎಂದು ಅವ್ವ ಒಂದು ಬೆಳಿಗ್ಗೆ ಕೇಳಿದಳು. ಏನಿಲ್ಲ, ಕಾಲೇಜಿನದ್ದು ಏನೋ ನೆನಪಾಯಿತು ಎಂದೆ.

ಅದೇ ದಿನಗಳಲ್ಲಿ ಪ್ರಾಣಿಮನೆಯಲ್ಲೂ ಒಂದು ಔಷಧಿಯ ಪ್ರಯೋಗ ನಡೆಯುತ್ತಿತ್ತು. ಎತ್ತರದ ಗಾಜಿನ ಪಾತ್ರೆಯಲ್ಲಿ ನೀರು ತುಂಬಿ ಇಲಿಯನ್ನು ಬಿಡುತ್ತೇವೆ. ಮೊದಲು ಅದು ಗಾಜು ಕೆರೆಯುತ್ತದೆ, ಸುತ್ತು ಹೊಡೆಯುತ್ತದೆ, ಮುಳುಗಿ ದಾರಿ ಹುಡುಕುತ್ತದೆ. ಆಮೇಲೆ ಒಂದು ಗಳಿಗೆಯಲ್ಲಿ ಕೈಕಾಲು ಬಿಟ್ಟು, ಮೂಗು ಮಾತ್ರ ಮೇಲಿಟ್ಟು ಸುಮ್ಮನೆ ತೇಲುತ್ತದೆ. ಎಷ್ಟು ಹೊತ್ತು ಹಾಗಿತ್ತು ಎಂದು ಸ್ಟಾಪ್‌ವಾಚ್ ಹಿಡಿದು ಬರೆಯುವವಳು ನಾನು. ಬರೆದಾದ ಮೇಲೆ ತೆಗೆದು, ಟವೆಲಿನಲ್ಲಿ ಒರೆಸಿ, ಬಲ್ಬಿನ ಕೆಳಗೆ ಬೆಚ್ಚಗಿಡುತ್ತೇನೆ. ಪಾಪ ಅನ್ನಿಸುತ್ತದೆ, ಅವುಗಳ ಮೇಲೆ ನನಗೇನು ಹಗೆ? ಆದರೆ ಆ ದಿನಗಳಲ್ಲಿ ಗಾಜಿನೊಳಗೆ ನನಗೆ ಕಾಣುತ್ತಿದ್ದುದು ರೈಟರನ ಮುಖ. ಬಿಡೋ, ಕೈಕಾಲು ಬಿಡೋ ಎಂದು ಮನಸ್ಸಿನಲ್ಲೇ ಹೇಳುತ್ತಿದ್ದೆ.

ಅವನು ಬಿಡಲಿಲ್ಲ. ಎರಡನೇ ವಾರಕ್ಕೆ ಎರಡು ನೀಲಿ ಡ್ರಮ್ಮು ತಂದು ನೀರು ತುಂಬಿಟ್ಟುಕೊಂಡ. ಗೇಟಿಗೆ ಬೀಗವಿದ್ದರೆ ಅಂಗಳದಲ್ಲೇ ಸುತ್ತು ಹಾಕುತ್ತಿದ್ದ. ಅಡ್ಡ ನಿಲ್ಲಿಸಿದ ಸ್ಕೂಟಿಯನ್ನು ಎತ್ತಿ ಪಕ್ಕಕ್ಕಿಟ್ಟು ಸೀಟಿನ ಧೂಳನ್ನೂ ಒರೆಸಿದ್ದ. ನಮ್ಮ ಬೀದಿಯಲ್ಲಿ ಒಬ್ಬ ರಿಟೈರ್ಡ್ ಕಂಪೌಂಡರ್ ಇದ್ದಾರೆ, ಸಿಕ್ಕಿದವರನ್ನು ಹಿಡಿದು ನಿಲ್ಲಿಸಿ ಕೊರೆಯುವುದೇ ಅವರ ಕಸುಬು. ಗುರುತಿಲ್ಲದ ಇಲಿ ಬಿಡುವ ಲೆಕ್ಕದಲ್ಲಿ, ಕೆಳಮನೆಯವರಿಗೆ ಮಾತಾಡಲು ಜನ ಬೇಕಂತೆ ಎಂದು ಅವರ ಕಿವಿಯಲ್ಲಿ ಹಾಕಿದೆ. ನೋಡಿದರೆ ಇಬ್ಬರೂ ಜಗಲಿಯಲ್ಲಿ ಕೂತು ಚೌಕಾಬಾರ ಆಡಲು ಶುರುಮಾಡಿದರು.

ನಾಲ್ಕನೇ ವಾರ ಸಕ್ಕರೆ ನೀರಿನ ಪರೀಕ್ಷೆಯನ್ನೂ ಮಾಡಿದೆ. ಒಂದು ಬಟ್ಟಲಲ್ಲಿ ಕೇಸರಿಬಾತು, ಒಂದರಲ್ಲಿ ಉಪ್ಪಿಟ್ಟು ಹಾಕಿ ಕೊಟ್ಟುಬಂದೆ. ಎರಡನ್ನೂ ಬಳಿದು ತಿಂದು, ಬಟ್ಟಲು ತೊಳೆದು ವಾಪಸು ಕೊಟ್ಟ.

"ಕೇಸರಿಬಾತಿಗೆ ಇನ್ನೊಂಚೂರು ತುಪ್ಪ ಬೀಳ್ಬೇಕಿತ್ತು ಮೇಡಂ."

ಥೂ, ಇವನ ಜನ್ಮಕ್ಕಿಷ್ಟು! ಉಕ್ಕಿ ಬಂದ ಸಿಟ್ಟನ್ನು ತಡೆದುಕೊಂಡು, ಇಲ್ಲಿ ನಿಮಗೆ ತೊಂದರೆ ಏನೂ ಆಗುತ್ತಿಲ್ಲವಾ ಎಂದು ಕೇಳಿದೆ.

"ಏನ್ ತೊಂದ್ರೆ ಮಾರಾಯ್ರೆ, ಮೂವತ್ತು ವರ್ಷ ತೋಟದಲ್ಲಿ ಕಳ್ದವ್ನು ನಾನು. ಒಂದಿನ ನೀರು ಬರ್ಲಿಲ್ಲ ಅಂತ ಯಾರಾದ್ರೂ ತಲೆ ಕೆಡ್ಸ್ಕೊತಾರಾ?"

ನಾನು ಪಟ್ಟಿಯನ್ನು ಇನ್ನೂ ಬಿಗಿ ಮಾಡಿದೆ. ದಿನಕ್ಕೆ ಒಂದಿದ್ದುದು ಎರಡಾಯಿತು. ಬೆಳಿಗ್ಗೆ ಅವನ ಬಾಗಿಲು, ಸಂಜೆ ಅವನ ಜಗಲಿ, ನನ್ನ ಕಣ್ಣು ಅಲ್ಲೇ. ಊಟಕ್ಕೆ ಕೂತರೂ ಕಿವಿ ಕೆಳಗೆ. ಅವ್ವ ತಟ್ಟೆಯಲ್ಲಿ ಬಿಟ್ಟ ಅನ್ನವನ್ನು ನಾನೇ ಎಷ್ಟೋ ದಿನ ಕಾಗೆಗೆ ಹಾಕಿದ್ದೇನೆ, ಯಾಕೆ ಬಿಟ್ಟೆ ಎಂದು ಕೇಳಿರಲಿಲ್ಲ. "ಇವತ್ತು ನೀರು ಬರುತ್ತಾ ಮಗಾ?" ಎಂದು ಅವಳು ಬೆಳಿಗ್ಗೆ ಎದ್ದ ಕೂಡಲೇ ಕೇಳಲು ಶುರುಮಾಡಿದಾಗ, "ನಂಗೇನ್ ಗೊತ್ತವ್ವ, ಬಂದ್ರೆ ಬರುತ್ತೆ" ಎಂದು ರೇಗಿದ್ದೆ.

ಆರನೇ ವಾರ ಪ್ರಾಣಿಮನೆಯಲ್ಲಿ ದೊಡ್ಡ ರಾದ್ಧಾಂತವಾಯಿತು. ಪ್ರತಿ ಪ್ರಯೋಗದಲ್ಲೂ ಯಾವ ಕಿರಿಕಿರಿಯನ್ನೂ ಕೊಡದೆ ಸುಮ್ಮನೆ ಸಾಕುವ ಇಲಿಗಳ ಒಂದು ಗುಂಪಿರುತ್ತದೆ, ಹೋಲಿಸಿ ನೋಡುವುದಕ್ಕೆ. ಕಂಟ್ರೋಲ್ ಎನ್ನುತ್ತೇವೆ. ಅವು ಸಕ್ಕರೆ ನೀರನ್ನು ಗಟಗಟ ಕುಡಿಯಬೇಕಿತ್ತು. ಮುಟ್ಟಿರಲಿಲ್ಲ. ಮೇಡಂ ಬಂದು ಸುತ್ತ ನೋಡಿದವರೇ ತಲೆ ಚಚ್ಚಿಕೊಂಡರು. ಕಂಟ್ರೋಲ್ ಕೋಣೆಯ ಎಕ್ಸಾಸ್ಟ್ ಫ್ಯಾನ್ ಕೆಟ್ಟಿತ್ತೆಂದು ನಾನೇ ಆ ಪಂಜರಗಳನ್ನು ತಂದು ಕಿರಿಕಿರಿ ಗುಂಪಿನ ಎದುರಿನ ಸ್ಟ್ಯಾಂಡಿನಲ್ಲಿ ಇಟ್ಟಿದ್ದೆ. ನಾಲ್ಕು ದಿನಕ್ಕೆಂದು ಇಟ್ಟದ್ದು ಹಾಗೆಯೇ ಮರೆತುಹೋಗಿತ್ತು.

"ಇಷ್ಟು ವರ್ಷ ಕೆಲ್ಸ ಮಾಡಿ ಇದು ಗೊತ್ತಾಗಲ್ವೇನ್ರೀ? ಒಂದೇ ರೂಮಲ್ಲಿಟ್ರೆ ಇವಕ್ಕೂ ಸದ್ದು ಕೇಳುತ್ತೆ, ವಾಸನೆ ಬರುತ್ತೆ. ನೀವು ಬಾಗಿಲು ತೆಗೆದು ಒಳಗೆ ಬಂದ್ರೆ ಯಾರ ಸರದಿ ಅಂತ ಇವಕ್ಕೇನು ಗೊತ್ತು? ಎರಡೂ ಗುಂಪು ಹಾಳಾಯ್ತು. ಮೊದ್ಲಿಂದ ಮಾಡಿ ಎಲ್ಲಾ."

ನನ್ನ ಕೈಯಲ್ಲಿ ಕಂಟ್ರೋಲ್ ಇಲಿಯೊಂದಿತ್ತು. ರೋಮ ಜಿಡ್ಡುಗಟ್ಟಿ ಅಂಟಿಕೊಂಡಿತ್ತು. ಅದನ್ನು ನೋಡುತ್ತಾ ನಿಂತವಳಿಗೆ ಬೆಳಿಗ್ಗೆ ಕಂಡ ಅವ್ವನ ತಲೆ ಕಣ್ಣಿಗೆ ಕಟ್ಟಿತು. ಬಾಚಿರಲಿಲ್ಲ. ಹಿಂದಿನ ದಿನವೂ ಬಾಚಿರಲಿಲ್ಲ.

ಅರ್ಧ ದಿನ ರಜೆ ಹಾಕಿ ಮನೆಗೆ ಬಂದೆ. ಅವ್ವ ಗೋಡೆಗೆ ಮುಖ ಹಾಕಿ ಮಲಗಿದ್ದಳು. ಟಿವಿ ಆರಿತ್ತು. ಮಂಚದ ಕೆಳಗೆ ಕೊಡ, ಬಕೆಟ್ಟು, ಕುಕ್ಕರು, ಲೋಟದವರೆಗೆ ಎಲ್ಲದರಲ್ಲೂ ನೀರು ತುಂಬಿಸಿ ಸಾಲಾಗಿ ಇಟ್ಟುಕೊಂಡಿದ್ದಳು. ಎಲೆಅಡಿಕೆ ತಟ್ಟೆಯಲ್ಲಿ ಎಲೆಗಳು ಕಪ್ಪಾಗಿ ಒಣಗಿದ್ದವು, ಎಷ್ಟು ದಿನದವೋ. ನಾನು ದಿನಾ ಆ ಕೋಣೆಗೆ ಹೋಗಿದ್ದೆ, ಬಂದಿದ್ದೆ, ಯಾವುದನ್ನೂ ನೋಡಿರಲಿಲ್ಲ.

ಬಂದ ಕೋಪ ಎಲ್ಲಿಗೆ ಹೋಗಬೇಕು? ಕೆಳಗಿಳಿದು ಅವನ ಬಾಗಿಲು ಬಡಿದೆ. ಎಲ್ಲಾ ಹೇಳಿದೆ. ತೋಟದ ಹೆಸರು, ಅವ್ವನ ಹೆಸರು, ಶೆಡ್ಡಿನ ಬೀಗ, ಸೋರುವ ಮನೆ. ಆರು ವಾರ ನೀರು ನಿಲ್ಲಿಸಿದ್ದು ನಾನೇ ಎಂದೂ ಹೇಳಿದೆ. ಚಕ್ಕುಲಿ ತಿನ್ನುತ್ತಲೇ ಬಾಗಿಲು ತೆರೆದಿದ್ದ ಅವನು ಕಣ್ಣು ಕಿರಿದು ಮಾಡಿ ಯೋಚಿಸಿದ. ನಾಟಕವಲ್ಲ, ನಿಜವಾಗಿಯೇ ಯೋಚಿಸಿದ. ಅದನ್ನೇ ನನಗೆ ಸಹಿಸಲಾಗಲಿಲ್ಲ.

"ಶೆಡ್ಡು ನೆನಪಿದೆ. ಹೆಂಗ್ಸು ಯಾರು ಅಂತ ನೆನಪಾಗ್ತಿಲ್ಲ ನೋಡಿ ತಂಗಿ, ಸುಮಾರ್ ಜನ ಇದ್ರಲ್ಲ. ಕೆಲ್ಸ ಅಂದ್ಮೇಲೆ ಹಂಗೆಲ್ಲ ಇರ್ತದೆ. ಮನ್ಸಿಗೆ ಹಚ್ಕೋಬಾರ್ದು."

ಅಲ್ಲೇ ಕತ್ತು ಹಿಸುಕಿಬಿಡಬೇಕು ಅನ್ನಿಸಿತು. ನನ್ನವ್ವನ ಹತ್ತು ವರ್ಷ ತಿಂದವನಿಗೆ ಅವಳ ಹೆಸರೂ ನೆನಪಿಲ್ಲ. ತಿಂಗಳ ಕೊನೆಗೆ ಮನೆ ಖಾಲಿ ಮಾಡಿ, ಓನರಿಗೆ ನಾನು ಹೇಳುತ್ತೇನೆ ಎಂದೆ. "ಆಯ್ತಾಯ್ತು, ಮಗ್ಳು ಬೇರೆ ಕಡೆ ನೋಡ್ತಾಳೆ" ಎಂದು ತಲೆಯಾಡಿಸಿದ, ಅಷ್ಟೇ.

ಮೇಲೆ ಬಂದು ಅವ್ವನ ಕಾಲ ಹತ್ತಿರ ಮಂಚದ ಮೇಲೆ ಕೂತೆ.

"ಅವ್ವಾ, ಕೆಳಗಿರೋದು ಆ ರೈಟರ್ ಕಣವ್ವ. ಅವ್ನ ದನಿ ಕೇಳಿ ಹಿಂಗಾದ್ಯಾ? ನಂಗ್ಯಾಕೆ ಹೇಳ್ಲಿಲ್ಲ?"

ಅವಳು ನಿಧಾನವಾಗಿ ಈ ಕಡೆ ತಿರುಗಿದಳು. "ಅವ್ನಾ? ಇಲ್ಲಾ?" ಎಂದಳು. ಅವಳಿಗೆ ಗೊತ್ತೇ ಇರಲಿಲ್ಲ. ಕೆಳಗೆ ಯಾರೋ ವಯಸ್ಸಾದವರಿದ್ದಾರೆ ಎಂದಷ್ಟೇ ತಿಳಿದಿದ್ದಳು. ನಾನು ಆರು ವಾರ ಮಾಡಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ನಿನಗೋಸ್ಕರವೇ ಮಾಡಿದೆ ಎಂದೆ. ಅವಳು ಸೂರು ನೋಡುತ್ತಾ ಕೇಳಿಸಿಕೊಂಡಳು.

"ಹಂಗಾದ್ರೆ ನೀರು ನಿಲ್ಲಿಸ್ತಿದ್ದಿದ್ದು ನೀನಾ?"

"ಹ್ಞೂಂ."

"ಅವ್ನು ಅಂತ ನಂಗೆಲ್ಲಿ ಗೊತ್ತು ಮಗಾ. ನಾನು ಹೆದ್ರಿದ್ದು ನಿಂಗೆ. ಗೋಡೆಯಾಚೆ ಕಿರ್ರ್ ಅನ್ನೋದು, ನೀರು ನಿಲ್ಲೋದು, ನೀನು ಬಂದು ನೀರೇ ಬಂದಿಲ್ಲ ಅನ್ನೋದು. ನೀನು ಮೆಟ್ಲು ಹತ್ತೋ ಸದ್ದಾದ್ರೆ ನನ್ನೆದೆ ಹೊಡ್ಕೊಳ್ಳೋದು, ಇವತ್ತೇನ್ ಮಾಡ್ತಾಳೋ ಅಂತ. ಹೆತ್ತ ಮಗಳಿಗೆ ಯಾರಾದ್ರೂ ಹೆದರ್ತಾರಾ, ನಂಗೇ ಮತ್ತೆ ತಲೆ ಕೆಟ್ಟಿದೆ ಅಂದ್ಕಂಡು ಸುಮ್ನೆ ಮಲ್ಗಿದ್ದೆ."

ಅವನು ಹೇಳಿದ ಹಾಗೆಯೇ ತಿಂಗಳ ಕೊನೆಗೆ ಹೋದ. ಆಟೋಗೆ ಡ್ರಮ್ಮು ಹಾಕಿಕೊಂಡು, ಕಂಪೌಂಡರಿಗೆ ಕೈ ಬೀಸಿ, ನನಗೊಂದು ನಮಸ್ಕಾರವನ್ನೂ ಮಾಡಿ ಹೋದ. ಎಲ್ಲಾದರೂ ಬಿದ್ದು ಸಾಯಲಿ ಎಂದು ಈಗಲೂ ಶಪಿಸುತ್ತೇನೆ, ಮುಚ್ಚಿಡುವುದಿಲ್ಲ. ಅವ್ವನಿಗೆ ಮಾಡಿದ್ದಕ್ಕೆ ಒಂದು ಸಲ, ಅದನ್ನೇ ನನ್ನ ಕೈಯಲ್ಲಿ ಮಾಡಿಸಿದ್ದಕ್ಕೆ ಇನ್ನೊಂದು ಸಲ. ಅವನು ನನಗೆ ಹೇಳಿಕೊಟ್ಟಿರಲಿಲ್ಲ, ನಾನೇ ಕಲಿತೆ ಎಂದು ಗೊತ್ತಿದ್ದರೂ ಶಪಿಸುತ್ತೇನೆ.

ಅವ್ವನಿಗೆ ಮತ್ತೆ ಮಾತ್ರೆ ಶುರುವಾಗಿದೆ. ಅವಳು ನನಗೆ ಬೈಯಲಿಲ್ಲ. ಒಂದನ್ನು ಮಾತ್ರ ಕೇಳಿಕೊಂಡಳು. "ಬರೋವಾಗ ಕೆಳಗಿಂದ್ಲೇ ಕೂಗಿ ಬಾ. ಸುಮ್ನೆ ಹತ್ಬೇಡ." ಹಾಗಾಗಿ ಈಗ ದಿನಾ ಸಂಜೆ ಕೆಲಸ ಮುಗಿಸಿ ಬಂದು ಗೇಟಿನ ಹತ್ತಿರ ನಿಂತು, "ಅವ್ವಾ, ನಾನು ಕಣವ್ವ, ಬರ್ಲಾ?" ಎಂದು ಕೂಗುತ್ತೇನೆ. ಅವಳು ಬಾ ಎಂದ ಮೇಲೆ ಮೆಟ್ಟಿಲು ಹತ್ತುತ್ತೇನೆ. ಕೆಲವು ದಿನ ಕೂಡಲೇ ಅನ್ನುತ್ತಾಳೆ. ಕೆಲವು ದಿನ ಬಹಳ ಹೊತ್ತು ದನಿಯೇ ಬರುವುದಿಲ್ಲ, ಬೀದಿಯಲ್ಲಿ ಹೋಗುವವರು ನನ್ನನ್ನೇ ನೋಡುತ್ತಾರೆ, ನಾನು ಬ್ಯಾಗು ಹಿಡಿದುಕೊಂಡು ಕೆಳಗೇ ನಿಂತಿರುತ್ತೇನೆ.